ಅಜ್ಜನ ಜೀಪಿನ ಹಳೇ ನಂಬರ್ ಉಳಿಸಿಕೊಳ್ಳುವುದು ಹೇಗೆ

ನಮ್ಮ ಅಜ್ಜನ ವಿಲ್ಲೀಸ್ ಜೀಪು 1965ರದ್ದು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ, ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಅದು ಇಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತೇ ಇತ್ತು. ಮೇಲೆ ಅಡಿಕೆ ದಬ್ಬೆ ಪೇರಿಸಿದ್ದರು, ಹಿಂದಿನ ಸೀಟಿನಲ್ಲಿ ಪ್ರತಿ ವರ್ಷ ಬೆಕ್ಕು ಮರಿ ಹಾಕುತ್ತಿತ್ತು. ಆದರೂ ಊರಿನ ವಯಸ್ಸಾದವರನ್ನು ಕೇಳಿದರೆ ಆ ಜೀಪಿನ ನಂಬರ್ ಈಗಲೂ ಬಾಯಲ್ಲೇ ಹೇಳುತ್ತಾರೆ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ ಜೀಪು, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಮದುವೆ ದಿಬ್ಬಣ ಹೋಗಿದ್ದೂ ಅದರಲ್ಲೇ. ಹಾಗಾಗಿ ಜೀಪನ್ನು ರಿಪೇರಿ ಮಾಡಿಸೋಣ ಎಂದು ಹೊರಟಾಗ ನಮಗೆ ಬೇಕಾಗಿದ್ದು ಗಾಡಿ ಮಾತ್ರ ಅಲ್ಲ, ಆ ನಂಬರ್ ಕೂಡ. ಅದು ಸಿಕ್ಕಿತು. ಆದರೆ ಸುಮ್ನೆ ಅಲೆದಾಡಿದ್ದು ಬಹಳ. ನಿಮ್ಮ ಮನೆಯಲ್ಲೂ ಹಳೇ ಜೀಪು, ಫಿಯಟ್, ಅಂಬಾಸಿಡರ್, ಜಾವಾ, ಲ್ಯಾಂಬ್ರೆಟಾ ನಿಂತಿದ್ದರೆ ಆ ಅಲೆದಾಟ ನಿಮಗೆ ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು, ಇದೊಂದನ್ನು ದಯವಿಟ್ಟು ನೆನಪಿಡಿ. ಗ್ಯಾರೇಜಿಗೆ ಒಂದು ರೂಪಾಯಿ ಕೊಡುವ ಮೊದಲು ಆರ್‌ಟಿಒ ಕಚೇರಿಯ ಹಳೇ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ಪುಟ ಇದೆಯಾ ನೋಡಿ. ನಾವು ಉಲ್ಟಾ ಮಾಡಿದೆವು. ಮೊದಲು ಇಂಜಿನ್ ಬಿಚ್ಚಿಸಿ, ಪೇಂಟ್ ಹೊಡೆಸಿ, ಆಮೇಲೆ ಕಾಗದ ಹುಡುಕಲು ಹೊರಟೆವು. ಆ ಪುಟ ಸಿಗುವವರೆಗೆ ನಾಲ್ಕು ತಿಂಗಳು ಮನೆಯವರ್ಯಾರಿಗೂ ಸಮಾಧಾನ ಇರಲಿಲ್ಲ.

ನಂಬರ್ ಹೋಗಿದ್ದು ಯಾಕೆ ಎಂದು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಈಗಿನ ಮೋಟಾರು ವಾಹನ ಕಾಯ್ದೆ 1988ರದ್ದು, ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ಅದರ 41ನೇ ಕಲಂ ಪ್ರಕಾರ ಸ್ವಂತ ಬಳಕೆಯ ಗಾಡಿಯ ನೋಂದಣಿ ಪತ್ರಕ್ಕೆ, ಅಂದರೆ ಆರ್‌ಸಿಗೆ 15 ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾಯ್ದೆಗಿಂತ ಮೊದಲು ಕೊಟ್ಟ ಆರ್‌ಸಿಗೂ ಇದೇ ಲೆಕ್ಕ ಎಂದು ಅದೇ ಕಲಮಿನಲ್ಲಿದೆ. ಅಂದರೆ ಅರವತ್ತರ ದಶಕದ ಗಾಡಿಗಳಿಗೆ ಆ ಹೊತ್ತಿಗಾಗಲೇ 15 ವರ್ಷ ತುಂಬಿ ಹೋಗಿತ್ತು! ತೋಟದ ಮನೆಗಳಲ್ಲಿ ಇದು ಎಷ್ಟು ಜನರಿಗೆ ಗೊತ್ತಿತ್ತು ಹೇಳಿ. ನಮ್ಮ ಅಜ್ಜ 1994ರಲ್ಲಿ ಒಮ್ಮೆ ನವೀಕರಣ ಮಾಡಿಸಿದ್ದರು, 1999ಕ್ಕೆ ಅದೂ ಮುಗಿದಿತ್ತು. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು.

ಆದರೆ ಅವಧಿ ಮುಗಿದದ್ದು ಬೇರೆ, ರದ್ದಾದದ್ದು ಬೇರೆ. ಇದನ್ನು ಬೆರೆಸಿಕೊಂಡು ಎಷ್ಟೋ ಜನ ಆಸೆಯನ್ನೇ ಬಿಡುತ್ತಾರೆ. ಅವಧಿ ಮುಗಿದಿದ್ದರೆ ನಂಬರ್ ನಿಮ್ಮ ಗಾಡಿಯ ಹೆಸರಲ್ಲೇ ಮಲಗಿರುತ್ತದೆ, ಎಬ್ಬಿಸಬಹುದು. ಗಾಡಿ ಹಾಳಾಗಿದೆ, ಇನ್ನು ಓಡುವುದಿಲ್ಲ ಎಂದು ಮನೆಯವರೇ ಆರ್‌ಸಿ ಒಪ್ಪಿಸಿ 55ನೇ ಕಲಮಿನಡಿ ರದ್ದು ಮಾಡಿಸಿದ್ದರೆ ಆ ನಂಬರಿನ ಆಸೆ ಬಿಡಬೇಕಾಗುತ್ತದೆ. ಗುಜರಿಗೆ ಕೊಟ್ಟಿದ್ದರೂ ಅಷ್ಟೇ.

ನಮ್ಮ ಕಡೆ ಇನ್ನೊಂದು ವಿಷಯ ಇದೆ, ಕಾರವಾರ, ಸದಾಶಿವಗಡ ಕಡೆಯವರು ವಿಶೇಷವಾಗಿ ನೋಡಿಕೊಳ್ಳಿ. ಗಾಡಿಯನ್ನು ಯಾವಾಗಲಾದರೂ ಗೋವಾಕ್ಕೆ ಒಯ್ದು ಅಲ್ಲಿಯ ನಂಬರ್ ಹಾಕಿಸಿದ್ದರಾ? ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿಯ ನಂಬರ್ ತೆಗೆದುಕೊಳ್ಳಬೇಕು ಎಂದು ಕಾಯ್ದೆಯಲ್ಲಿದೆ. ಹಾಗೆ ತೆಗೆದುಕೊಂಡಿದ್ದರೆ ಹಳೇ ನಂಬರ್ ಅಲ್ಲಿಗೆ ಮುಗಿಯಿತು. ಮತ್ತೆ ಇಲ್ಲಿಗೆ ತಂದರೆ ಸಿಗುವುದು ಹೊಸ ಕೆಎ ನಂಬರ್. ಮನೆಯಲ್ಲಿ ಹಳೇ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ಒಯ್ಯಲು ಅಡ್ಡಿ ಇಲ್ಲ ಎಂದು ಕಚೇರಿ ಕೊಡುವ ಫಾರ್ಮ್ 28ರ ನಕಲು ಏನಾದರೂ ಇದೆಯಾ ಹುಡುಕಿ.

ಈಗ ಹುಡುಕಾಟದ ವಿಷಯ. ಮೊಬೈಲಿನಲ್ಲಿ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣ ತೆಗೆದು ನಂಬರ್ ಹಾಕಿದರೆ "ದಾಖಲೆ ಇಲ್ಲ" ಎಂದು ಬರಬಹುದು. ಗಾಬರಿ ಬೇಡ. ಅದರರ್ಥ ನಂಬರ್ ಸತ್ತಿದೆ ಎಂದಲ್ಲ, ಕಂಪ್ಯೂಟರಿಗೆ ಏರಿಲ್ಲ ಎಂದು. ಕಾಗದದ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವುದಕ್ಕೆ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ, ಅದನ್ನು ಮಾಡಿಸಬಹುದು. ಆದರೆ ಅದಕ್ಕೆ ಮೂಲ ಪುಟ ಸಿಗಲೇಬೇಕು.

ಆ ಪುಟದ ನಕಲಿಗೆ ಬಿ-ಎಕ್ಸ್‌ಟ್ರಾಕ್ಟ್ ಎಂದು ಹೆಸರು. ಅದರಲ್ಲಿ ಮಾಲೀಕರ ಹೆಸರು, ನೋಂದಣಿ ದಿನ, ಚಾಸಿಸ್ ನಂಬರ್, ಇಂಜಿನ್ ನಂಬರ್, ತೆರಿಗೆ, ಸಾಲ ಎಲ್ಲ ಇರುತ್ತದೆ. ಯಾವ ಕಚೇರಿಯಲ್ಲಿ ಕೇಳಬೇಕು ಎನ್ನುವುದೇ ಇಲ್ಲಿ ತಲೆನೋವು. ಇವತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರಕ್ಕೆ ಕೆಎ 30, ಶಿರಸಿಗೆ ಕೆಎ 31, ಹೊನ್ನಾವರಕ್ಕೆ ಕೆಎ 47, ದಾಂಡೇಲಿಗೆ ಕೆಎ 65. ಆದರೆ ನಿಮ್ಮ ಗಾಡಿ ಈ ಕೋಡುಗಳು ಬರುವ ಮೊದಲಿನದು. ನಂಬರ್ ಎಂವೈ ಎಂದು ಶುರುವಾದರೆ ಅದು ಮೈಸೂರು ರಾಜ್ಯದ ಕಾಲದ್ದು. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತಲ್ವಾ, ಹಾಗಾಗಿ ಅದಕ್ಕಿಂತ ಹಳೇ ಗಾಡಿಯಾದರೆ ಬಿ ಎಂದು ಶುರುವಾಗುವ ಮುಂಬೈ ನಂಬರ್ ಇರಬಹುದು. ನಾವು ಮನೆ ಶಿರಸಿ ಕಡೆ ಎಂದು ಶಿರಸಿಯಲ್ಲೇ ಕೇಳುತ್ತಾ ಕೂತೆವು. ನಮ್ಮ ಪುಟ ಸಿಕ್ಕಿದ್ದು ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ. ಗಾಡಿಯನ್ನು ಅಜ್ಜ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇನ್ನೊಬ್ಬರಿಂದ ಕೊಂಡಿದ್ದರೆ ಮೂಲ ಪುಟ ಅಲ್ಲೇ ಇರಬಹುದು, ಅದನ್ನೂ ಮನೆಯ ಹಿರಿಯರ ಹತ್ತಿರ ಕೇಳಿ.

ಬಾಯಿಮಾತಿನಲ್ಲಿ ಕೇಳಿ ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂದಿದೆ, ಅದಕ್ಕೆ ಅಜ್ಜನ ಕಥೆಯೆಲ್ಲ ಬರೆಯಬೇಡಿ. ನಂಬರ್, ಅಜ್ಜನ ಪೂರ್ತಿ ಹೆಸರು, ಸುಮಾರು ಯಾವ ವರ್ಷ, ಈ ಗಾಡಿಯ ನೋಂದಣಿ ಪುಟದ ದೃಢೀಕೃತ ನಕಲು ಬೇಕು. ಇಷ್ಟೇ ಸಾಕು.

ನಂಬರೇ ಸರಿಯಾಗಿ ಗೊತ್ತಿಲ್ಲ, ಪ್ಲೇಟು ತುಕ್ಕು ಹಿಡಿದು ಉದುರಿದೆ ಎನ್ನುವವರು ಮನೆಯಲ್ಲೇ ಶುರು ಮಾಡಿ. ನಾಗಂದಿಗೆ ಮೇಲಿನ ಟ್ರಂಕು, ದೇವರ ಕೋಣೆಯ ಗೂಡು, ಅಜ್ಜನ ಲೆಕ್ಕದ ಪುಸ್ತಕ ಎಲ್ಲ ತೆಗೆಯಿರಿ. ಹಳೇ ಇನ್ಶೂರೆನ್ಸ್ ಕಾಗದ, ತೆರಿಗೆ ಕಟ್ಟಿದ ರಸೀದಿ, ಪೆಟ್ರೋಲ್ ಬಂಕಿನ ಬಿಲ್ಲು, ಸೊಸೈಟಿಯಲ್ಲಿ ಸಾಲ ತೆಗೆದ ಪತ್ರ, ಯಾವುದರಲ್ಲಿ ಬೇಕಾದರೂ ನಂಬರ್ ಇರಬಹುದು. ಒರಲೆ ತಿಂದ ಕಾಗದವನ್ನೂ ಎಸೆಯಬೇಡಿ, ಅರ್ಧ ನಂಬರ್ ಉಳಿದಿದ್ದರೂ ಅದು ಸಾಕ್ಷಿ. ಫೋಟೋಗಳನ್ನಂತೂ ಬಿಡಲೇಬೇಡಿ. ನಮಗೆ ಕೊನೆಯ ಅಂಕೆ ಮೂರಾ ಎಂಟಾ ಎಂಬ ಅನುಮಾನ ಇತ್ತು, ಅದು ಪರಿಹಾರ ಆಗಿದ್ದು ಅತ್ತೆಯ ಮದುವೆ ಫೋಟೋದಲ್ಲಿ. ಮಾವಿನ ತೋರಣ ಕಟ್ಟಿದ ಜೀಪು, ಬಾನೆಟ್ ಮೇಲೆ ಕೂತ ಚಿಕ್ಕಪ್ಪ, ಅವರ ಕಾಲಿನ ಪಕ್ಕದಲ್ಲೇ ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿತ್ತು.

ಆರ್‌ಸಿ ಪುಸ್ತಕವೇ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ಕಳೆದಿದೆ ಎಂದು ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ನಕಲು ಆರ್‌ಸಿಗೆ ಫಾರ್ಮ್ 26.

ಪುಟ ಸಿಕ್ಕಿತು ಎಂದುಕೊಳ್ಳಿ. ಮುಂದೆ ಮನೆಯವರ ಸಹಿ. ಕಚೇರಿ ಕೆಲಸಕ್ಕಿಂತ ಇದು ನಾಜೂಕು, ಇದಕ್ಕೆ ಸಮಯ ಕೊಡಿ. ಗಾಡಿ ಅಜ್ಜನ ಹೆಸರಲ್ಲಿದೆ, ಅಜ್ಜ ಇಲ್ಲ. ಹಾಗಾದರೆ ಅದು ಅಪ್ಪನದ್ದು, ಅಪ್ಪನ ನಂತರ ನನ್ನದು ಎಂದು ನಾವು ಅಂದುಕೊಳ್ಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಅಜ್ಜಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಹಕ್ಕಿದೆ. ಮದುವೆಯಾಗಿ ಹೋದ ಅತ್ತೆಯಂದಿರ ಸಹಿ ಯಾಕೆ ಎಂದು ಬಿಡುವವರು ಇದ್ದಾರೆ. ಅದು ತಪ್ಪು, ಕೆಲಸವೂ ನಿಲ್ಲುತ್ತದೆ. ಬೇಕಾಗುವುದು ಇವು: ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಗಾಡಿ ಯಾರ ಹೆಸರಿಗೆ ಹೋಗಬೇಕೋ ಅವರಿಗೆ ಬಿಟ್ಟುಕೊಡಲು ಒಪ್ಪಿಗೆ ಇದೆ ಎಂದು ಉಳಿದವರೆಲ್ಲರ ಅಫಿಡವಿಟ್ಟು, ನೋಟರಿ ಸಹಿ, ಎಲ್ಲರ ಆಧಾರ್ ನಕಲು. ನಮ್ಮಲ್ಲಿ ಆದಂತೆ ಅಪ್ಪನೂ ತೀರಿಕೊಂಡಿದ್ದರೆ ಎರಡು ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷವೂ ಅಜ್ಜನಿಂದ ಶುರುವಾಗಿ ಎರಡೂ ತಲೆಮಾರು ತೋರಿಸಬೇಕು. ಅಪ್ಪನಿಂದ ಕೆಳಗೆ ಮಾತ್ರ ತೋರಿಸುವ ವಂಶವೃಕ್ಷ ಮಾಡಿಸಿ ನಾವು ಒಂದೂವರೆ ತಿಂಗಳು ಕಳೆದುಕೊಂಡೆವು.

ಸಹಿಯನ್ನು ಮುಂದೂಡಬೇಡಿ. ನಮ್ಮ ದೊಡ್ಡತ್ತೆಗೆ ಎಂಬತ್ನಾಲ್ಕು. ಕುಮಟಾಕ್ಕೆ ಹೋಗಿ ಕಾಗದ ಮುಂದಿಟ್ಟಾಗ ಅವರು ಓದಲೇ ಇಲ್ಲ. "ಅಪ್ಪಯ್ಯನ ಜೀಪು ಮತ್ತೆ ಓಡ್ತದಾ?" ಎಂದು ಕೇಳಿದರು, ಸಹಿ ಹಾಕಿದರು, ಆಮೇಲೆ ಒಂದು ತಾಸು ಅಜ್ಜನ ಕಥೆ ಹೇಳಿದರು. ಇಂಥವರ ಮನೆಗೆ ಕಾಗದ ಕಳಿಸಬೇಡಿ, ನೀವೇ ಹೋಗಿ.

ಹೆಸರು ಬದಲಿಗೆ ಫಾರ್ಮ್ 31. ಫಾರ್ಮ್ 29, 30 ಎಂದು ಯಾರಾದರೂ ತುಂಬಿಸಲು ಬಂದರೆ ನಿಲ್ಲಿಸಿ, ಅವು ಮಾರಾಟದ ಫಾರ್ಮುಗಳು. ತೀರಿಕೊಂಡ ಅಜ್ಜ ನಿಮಗೆ ಗಾಡಿ ಮಾರಿದರು ಎಂದು ಬರೆದುಕೊಟ್ಟಂತಾಗುತ್ತದೆ, ಸಹಿಯೂ ಸುಳ್ಳು ಹಾಕಬೇಕಾಗುತ್ತದೆ. ಪುಟದಲ್ಲಿ ಸಾಲದ ನಮೂದು ಇದ್ದರೆ ಸಾಲ ಕೊಟ್ಟ ಸಂಘ ಅಥವಾ ಬ್ಯಾಂಕಿನಿಂದ ತೀರಿದೆ ಎಂದು ಫಾರ್ಮ್ 35ಕ್ಕೆ ಸಹಿ ತನ್ನಿ. ಸಾಲ ಐವತ್ತು ವರ್ಷ ಹಿಂದೆಯೇ ತೀರಿದ್ದರೂ ನಮೂದು ಹಾಗೇ ಉಳಿದಿರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಇಲ್ಲಿ ಎರಡು ದಾರಿ ಇವೆ, ಯಾವುದು ಹಿಡಿಯಬೇಕು ಎನ್ನುವುದು ನೀವು ಗಾಡಿಯನ್ನು ಏನು ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಒಂದು, ಮಾಮೂಲು ನವೀಕರಣ. ಫಾರ್ಮ್ 25, ಐದು ವರ್ಷಕ್ಕೆ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಗಾಡಿಗಳ ಶುಲ್ಕ ಏರಿಸಿದ್ದಾರೆ, ಈಗ ಕಾರು ಜೀಪಿಗೆ 10,000, ಬೈಕಿಗೆ 2,000. ತಡವಾದದ್ದಕ್ಕೆ ತಿಂಗಳಿಗೆ ಕಾರು ಜೀಪಿಗೆ 500, ಬೈಕಿಗೆ 300 ಬೇರೆ. ಜೀಪಿಗೆ ವರ್ಷಕ್ಕೆ 6,000 ಆಯಿತು ನೋಡಿ. ಅದರ ಜೊತೆಗೆ ಹಳೇ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ. ಬಾಕಿ ಎಷ್ಟು ತಿಂಗಳಿಗೆ ಲೆಕ್ಕ ಹಾಕುತ್ತಾರೆ ಎಂದು ಅರ್ಜಿ ಹಾಕುವ ಮೊದಲೇ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.

ಎರಡನೆಯದು ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು ಚಕ್ರದ, ನಾಲ್ಕು ಚಕ್ರದ ಗಾಡಿಗಳಿಗೆ, ಅವು ಮೂಲ ರೂಪದಲ್ಲೇ ಇದ್ದರೆ. ನಮಗೆ ಜೀವ ಬಂದಂತಾಗಿದ್ದು ಅದರಲ್ಲಿರುವ ಒಂದು ಸಾಲು ಓದಿದಾಗ: ಮೊದಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ನೋಂದಣಿಯೇ ಇಲ್ಲದ ಗಾಡಿಗೆ ಮಾತ್ರ ರಾಜ್ಯದ ಕೋಡಿನ ನಂತರ ವಿಎ ಎಂದು ಬರುವ ಹೊಸ ನಂಬರ್. ಅದಕ್ಕೇ ಆ ಹಳೇ ಪುಟಕ್ಕೆ, ಹಳೇ ಆರ್‌ಸಿಗೆ ಇಷ್ಟು ಬೆಲೆ. ಅವು ಇಲ್ಲದಿದ್ದರೆ ಜೀಪು ಸಿಗುತ್ತದೆ, ಅಜ್ಜನ ನಂಬರ್ ಸಿಗುವುದಿಲ್ಲ. ಶುಲ್ಕ 20,000, ಹತ್ತು ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ಅರ್ಜಿ ಫಾರ್ಮ್ 20ರಲ್ಲಿ, ಜೊತೆಗೆ ಹಳೇ ಆರ್‌ಸಿ ಮತ್ತು ಇನ್ಶೂರೆನ್ಸ್. 60 ದಿನದೊಳಗೆ ಪ್ರಮಾಣಪತ್ರ ಕೊಡಬೇಕು ಎಂದಿದೆ.

ಆದರೆ ವಿಂಟೇಜ್ ಮಾಡಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ. ತೋಟಕ್ಕೆ ಗೊಬ್ಬರ ಸಾಗಿಸಬೇಕು, ಶಿರಸಿ ಪೇಟೆಗೆ ಅಡಿಕೆ ಒಯ್ಯಬೇಕು ಎನ್ನುವವರಿಗೆ ಇದು ಆಗುವುದಿಲ್ಲ, ಅವರು ಮೊದಲನೇ ದಾರಿಯನ್ನೇ ಹಿಡಿಯಬೇಕು. ನಾವು ವಿಂಟೇಜ್ ಆರಿಸಿಕೊಂಡೆವು, ಮನೆಯಲ್ಲಿ ಬೇರೆ ಗಾಡಿ ಇದೆ. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ ಎಂದು 2022ರ ನಿಯಮದಲ್ಲಿದೆ, ಇನ್ಶೂರೆನ್ಸ್ ಮಾಡಿಸುವಾಗ ಕೇಳಿ.

ಮಲೆನಾಡಿನ ಜೀಪುಗಳ ದೊಡ್ಡ ತೊಡಕು ಇಂಜಿನ್. ಪೆಟ್ರೋಲ್ ಖರ್ಚು ಜಾಸ್ತಿ ಎಂದು ಎಷ್ಟೋ ಮನೆಯವರು ಮೂಲ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಅಂಥ ಗಾಡಿ ವಿಂಟೇಜ್ ಆಗುವುದಿಲ್ಲ, ಚಾಸಿಸ್, ಬಾಡಿ, ಇಂಜಿನ್ ಮಾರ್ಪಾಡು ಆಗಿರಬಾರದು. ಡೀಸೆಲ್ ಕೂರಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿಲ್ಲ ಎಂದರೆ ಮಾಮೂಲು ನವೀಕರಣವೂ ಕಷ್ಟ, ಯಾಕೆಂದರೆ ಪುಟದಲ್ಲಿರುವ ಇಂಜಿನ್ ನಂಬರೇ ಬೇರೆ. ಹಳೇ ಪೆಟ್ರೋಲ್ ಇಂಜಿನ್ ಮನೆಯ ಹಿಂದೆ ಎಲ್ಲಾದರೂ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ನಂಬರುಗಳನ್ನು ಹುಡುಕುವಾಗ ಕೈ ಮೃದುವಾಗಿರಲಿ. ವಿಲ್ಲೀಸ್ ಇಂಜಿನ್ನಿನಲ್ಲಿ ನಂಬರ್ ಇರುವುದು ಮುಂದುಗಡೆ, ವಾಟರ್ ಪಂಪ್ ಕೂರುವ ಜಾಗದ ಹತ್ತಿರ ಬ್ಲಾಕಿನ ಮೇಲೆ. ಐವತ್ತು ವರ್ಷದ ಎಣ್ಣೆ, ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಹಾಕಿ ಒಂದು ರಾತ್ರಿ ನೆನೆಯಲು ಬಿಡಿ, ಬೆಳಿಗ್ಗೆ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ. ಗ್ರೈಂಡರ್ ಮುಟ್ಟಿಸಲೇಬೇಡಿ. ಘಟ್ಟದ ಕೆಳಗಿನ ಗಾಡಿಗಳಲ್ಲಿ ಉಪ್ಪುಗಾಳಿಗೆ ಚಾಸಿಸ್ ಪದರ ಪದರವಾಗಿ ಏಳುತ್ತದೆ, ಒಂದು ಸಲ ಗ್ರೈಂಡರ್ ಓಡಿದರೆ ತುಕ್ಕಿನ ಜೊತೆ ನಂಬರೂ ಹೋಯಿತು. ಕಂಡ ಕೂಡಲೇ ಮೇಲೆ ಸೆಲ್ಲೋಟೇಪು ಅಥವಾ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ, ಫೋಟೋ ಕೂಡ. ಓದಲು ಬರದಷ್ಟು ಸವೆದಿದ್ದರೆ ಹಾಗೇ ಬಿಟ್ಟು ಆರ್‌ಟಿಒ ಇನ್ಸ್‌ಪೆಕ್ಟರಿಗೆ ತೋರಿಸಿ. ಮತ್ತೆ ಕೊರೆಸುವುದು ಕಚೇರಿಯ ಅನುಮತಿ ಪತ್ರ ಸಿಕ್ಕ ಮೇಲೆ ಮಾತ್ರ. ನೀವಾಗಿಯೇ ಕೊರೆಸಿದರೆ ಕದ್ದ ಗಾಡಿ ಎಂಬ ಅನುಮಾನಕ್ಕೆ ಸಿಕ್ಕಿಬೀಳುತ್ತೀರಿ.

ಒಬ್ಬ ಏಜೆಂಟ್ ನಮಗೆ ಇನ್ನೂ ಸುಲಭದ ದಾರಿ ಹೇಳಿದ್ದ. ಗುಜರಿಗೆ ಹೋದ ಬೇರೊಂದು ಜೀಪಿನ ಆರ್‌ಸಿ ಇದೆ, ಅದರ ನಂಬರನ್ನು ನಿಮ್ಮ ಚಾಸಿಸ್ ಮೇಲೆ ಹೊಡೆದರೆ ಆಯಿತು, ಹದಿನೈದು ದಿನದಲ್ಲಿ ಗಾಡಿ ರಸ್ತೆಗೆ ಎಂದ. ಚಿಕ್ಕಪ್ಪ ಅವನನ್ನು ಜಗಲಿಯಿಂದಲೇ ವಾಪಸ್ ಕಳಿಸಿದರು. ಅದು ಅಪರಾಧ, ಅಷ್ಟೇ ಅಲ್ಲ, ಅದಾದ ಮೇಲೆ ನಿಮ್ಮ ಅಜ್ಜನ ಜೀಪು ಎಂದು ಹೇಳಲು ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ಆರ್‌ಟಿಒ ಕಚೇರಿಯ ತಪಾಸಣೆಗೆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ. ನೋಂದಣಿ ಇಲ್ಲದೆ ಓಡಿಸಿದರೆ 192ನೇ ಕಲಮಿನಡಿ 2,000ದಿಂದ 5,000ದವರೆಗೆ ದಂಡ, ಅದಕ್ಕಿಂತ ಮುಖ್ಯ, ದಾರಿಯಲ್ಲಿ ಯಾರಿಗಾದರೂ ತಾಗಿದರೆ? ನಾವು ಮಿನಿ ಲಾರಿಯಲ್ಲಿ ಹೇರಿಕೊಂಡು ಹೋದೆವು. ಬ್ರೇಕು, ಹಾರ್ನು, ಹೆಡ್‌ಲೈಟು, ಇಂಡಿಕೇಟರು, ವೈಪರು ಎಲ್ಲ ಕೆಲಸ ಮಾಡಬೇಕು. ವೈಪರ್ ಮೋಟಾರನ್ನು ಕೊನೆಗೆ ಮಾಡಿಸೋಣ ಎಂದು ಬಿಡುವವರು ಜಾಸ್ತಿ, ನಮ್ಮ ಊರಿನ ಮಳೆಗೆ ಅದೇ ಮೊದಲು ಬೇಕು. ಹೊಗೆ ತಪಾಸಣೆಗೆ ಹೆದರಬೇಡಿ, ಹಳೇ ಗಾಡಿಗೆ ಹಳೇ ಮಿತಿಯೇ ಇದೆ: ಇಂಥ ಪೆಟ್ರೋಲ್ ಜೀಪು ಕಾರಿಗೆ ಕಾರ್ಬನ್ ಮೊನಾಕ್ಸೈಡ್ 3 ಶೇಕಡಾ, 2000ಕ್ಕಿಂತ ಹಿಂದಿನ ಬೈಕಿಗೆ 4.5. ಕಾರ್ಬೊರೇಟರ್ ತೊಳೆದು, ಐಡ್ಲಿಂಗ್ ಸ್ಕ್ರೂ ಹದ ಮಾಡಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತಪಾಸಣೆ ಮಾಡಿಸಿ. ತಣ್ಣಗಿರುವಾಗ ಚೋಕ್ ಎಳೆದು ಮಾಡಿಸಿದರೆ ಖಂಡಿತ ಫೇಲ್.

ಕಚೇರಿಗೆ ಹೋಗುವಾಗ ಎಲ್ಲ ಕಾಗದದ ಎರಡೆರಡು ಸೆಟ್ ಇರಲಿ, ಕೊಟ್ಟ ಪ್ರತಿಯೊಂದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಆಮೇಲೆ ಹೆಸರು ಬದಲಿ, ಆಮೇಲೆ ನವೀಕರಣ ಅಥವಾ ವಿಂಟೇಜ್. ನಮ್ಮದು ಈ ಕ್ರಮದಲ್ಲೇ ಆಯಿತು. ಮಳೆಗಾಲಕ್ಕೆ ಮೊದಲು ಶುರು ಮಾಡಿ, ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಆರ್‌ಸಿ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಹಳೇ ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರ ಚಂದ ಕಾಣುತ್ತದೆ, ಆದರೆ ಸ್ವಂತ ಗಾಡಿಗೆ ಈಗ ಬಿಳಿ ಪ್ಲೇಟು, ಕಪ್ಪು ಅಕ್ಷರವೇ ಆಗಬೇಕು. ನಮ್ಮ ಹಳೇ ಪ್ಲೇಟನ್ನು ಬಿಚ್ಚಿ ದೊಡ್ಡತ್ತೆಗೆ ಕೊಟ್ಟೆವು, ಅವರು ಅದನ್ನು ಕುಮಟಾದ ಮನೆಯ ಜಗಲಿಯಲ್ಲಿ ತೂಗುಹಾಕಿಸಿದ್ದಾರೆ. ಹೊಸ ಆರ್‌ಸಿ ಮುಗಿಯುವ ದಿನವನ್ನು ನಾವು ಅಜ್ಜನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇವೆ, ಮನೆಯ ಮೂರು ಜನರ ಮೊಬೈಲಿನಲ್ಲೂ ಹಾಕಿಟ್ಟಿದ್ದೇವೆ, ಅದರಲ್ಲಿ ಒಬ್ಬಳಿಗೆ ಈಗ ಹದಿನಾರು ವರ್ಷ.